ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರು

ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯದ ಕೆರೆಯನ್ನು ಕುರಿತು ಆ ಸೀಮೆಯಲ್ಲೆಲ್ಲ ಒಂದು ಐತಿಹ್ಯ ಪ್ರಚಲಿತವಾಗಿದೆ. ಕೆರೆಯನ್ನು ಎಷ್ಟು ಆಳಕ್ಕೆ ತೋಡಿದರೂ ನೀರು ಬರಲಿಲ್ಲವಂತೆ. ಕೊನೆಗೆ ಒಣಗಿದ ಕೆರೆಯ ತಳದಲ್ಲಿಯೇ ಎಲೆ ಹಾಕಿ ಸಂತರ್ಪಣೆ ನಡೆಸಿದರಂತೆ. ಉಂಡವರು ಏಳುವಷ್ಟರಲ್ಲಿ ನೀರು ಉಕ್ಕಿ ಬಂದು, ಎಲೆಯಲ್ಲಿ ಉಳಿದಿದ್ದ ಅನ್ನದ ಅಗುಳುಗಳೆಲ್ಲ ಮುತ್ತುಗಳಾದುವಂತೆ. ಮುತ್ತೂರೇ ಪುತ್ತೂರಾಯಿತೆಂದು ಹೇಳುವವರೂ ಉಂಟು. ಸ್ಥಳನಾಮದ ವಿಚಾರದಲ್ಲಿ ಪಂಡಿತರು ಇದನ್ನು ಒಪ್ಪಬೇಕೆಂದಿಲ್ಲ. ಆದರೆ ಪೆಟ್ಟಿಗೆಯಲ್ಲಿ ಇಟ್ಟದ್ದಲ್ಲ, ಹತ್ತು ಜನರ ಎಲೆಗೆ ಬಡಿಸಿದ್ದೇ ಮುತ್ತಾಯಿತೆಂದು ಹೇಳಿಕೊಳ್ಳುವ ಊರು ಸಾಮಾನ್ಯವಾದುದಲ್ಲ. ಆ ಸಂತರ್ಪಣೆಗೆ ಬೇಕಾದ ಅಕ್ಕಿಯನ್ನು ಯಾರೋ ಮೊದಲೇ ಉಳಿಸಿ ಇಟ್ಟಿರಬೇಕಷ್ಟೆ. ಐತಿಹ್ಯ ಆ ಮಾತನ್ನು ಎತ್ತುವುದಿಲ್ಲ. ಮೊಳಹಳ್ಳಿ ಶಿವರಾಯರ ಬಾಳಿನ ಬಹುಭಾಗ ಸವೆದುದು ಐತಿಹ್ಯ ಹೇಳದೆ ಬಿಟ್ಟ ಆ ಭಾಗದಲ್ಲಿ.

ಶಿವರಾಯರು ಜನಿಸಿದ್ದು 1880ರಲ್ಲಿ. ಮನೆತನದ ಹೆಸರು ಕುಂದಾಪುರ ಸೀಮೆಯ ಮೊಳಹಳ್ಳಿಯನ್ನು ಸೂಚಿಸಿದರೂ ಅವರ ಕರ್ಮಭೂಮಿ ಪುತ್ತೂರು, ವೃತ್ತಿ ವಕೀಲಿ. ಆ ಕಾಲಕ್ಕೆ ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆ. ಇಂದು ಪ್ರತ್ಯೇಕ ತಾಲೂಕುಗಳಾಗಿರುವ ಸುಳ್ಯ, ಕಡಬಗಳು ಆಗ ಬೇರೆಯಾಗಿರಲಿಲ್ಲ. ಮೊದಲು ಉಪ್ಪಿನಂಗಡಿ ತಾಲೂಕೆಂದೂ ಬಳಿಕ ಪುತ್ತೂರು ತಾಲೂಕೆಂದೂ ಕರೆಯಿಸಿಕೊಂಡ ವಿಸ್ತಾರವಾದ ಮಲೆಸೀಮೆಯಲ್ಲಿ ಅವು ಒಳಗೊಂಡಿದ್ದುವು. ಪಯಸ್ವಿನಿಯ ದಂಡೆಯವನಿಗೂ ಕುಮಾರಧಾರೆಯ ದಂಡೆಯವನಿಗೂ ವ್ಯಾಜ್ಯ ಬಂದರೆ ಪುತ್ತೂರೇ ಗತಿಯಾಗಿತ್ತು.

ಈ ಸೀಮೆಗೂ ನಗದು ಹಣಕ್ಕೂ ಇದ್ದ ಸಂಬಂಧ ಹಳೆಯದು, ಕಹಿಯಾದುದು. ಕೊಡಗಿನ ಅರಸರ ಆಳ್ವಿಕೆಯಲ್ಲಿ ಅಮರಸುಳ್ಯ, ಪುತ್ತೂರು ಮಾಗಣೆಗಳ ರೈತರು ತೀರ್ವೆಯನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. 1834ರಲ್ಲಿ ಕೊಡಗು ಕಂಪೆನಿ ಸರಕಾರದ ವಶವಾಗಿ ಈ ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದ ಮೇಲೆ ತೀರ್ವೆಯನ್ನು ನಗದಾಗಿಯೇ ಕೊಡಬೇಕಾಯಿತು. ಮನೆಯಲ್ಲಿ ಭತ್ತವಿದೆ, ಹಣವಿಲ್ಲ. ಭತ್ತವನ್ನು ಹಣ ಮಾಡಬೇಕಾದರೆ ವರ್ತಕನ ಮುಂದೆ ನಿಲ್ಲಬೇಕು. ಅವನು ಹೇಳಿದ್ದೇ ಬೆಲೆ. 1837ರಲ್ಲಿ ಈ ಸೀಮೆಯ ರೈತರು ದಂಗೆಯೆದ್ದು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡುದಕ್ಕೆ ಇದೂ ಒಂದು ಮುಖ್ಯ ಕಾರಣ. ದಂಗೆ ಅಡಗಿತು, ನಗದು ತೀರ್ವೆ ಉಳಿಯಿತು. ಶಿವರಾಯರು ಕರಿಕೋಟು ತೊಡುವ ಹೊತ್ತಿಗೆ ಖಜಾನೆಗೆ ನುಗ್ಗುವ ಕಾಲ ಮುಗಿದಿತ್ತು. ರೈತನ ಕೈಯಲ್ಲಿ ಹಣವಿಲ್ಲವೆಂಬ ಪ್ರಶ್ನೆ ಮಾತ್ರ ಹಾಗೆಯೇ ಇತ್ತು.

ಅಡಿಕೆ ತೋಟದ ಲೆಕ್ಕಾಚಾರವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಫಸಲು ಬರತೊಡಗಿದ ಮೇಲೂ ಹಣ ಕೈಸೇರುವುದು ವರ್ಷಕ್ಕೊಮ್ಮೆ, ಕೊಯ್ದ ಅಡಿಕೆಯನ್ನು ಅಂಗಳದಲ್ಲಿ ಆರೇಳು ವಾರ ಒಣಗಿಸಿ ಚಾಲಿ ಮಾಡಿದ ಬಳಿಕ. ನಡುವೆ ಆಷಾಢ ಶ್ರಾವಣಗಳ ಮಳೆಯಲ್ಲಿ ಕೊಳೆರೋಗ ತಗಲಿದರೆ ಎಳೆಯ ಕಾಯಿಗಳು ರಾಶಿರಾಶಿಯಾಗಿ ಉದುರುತ್ತವೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಉಂಟು: ಆಳುಗಳ ಕೂಲಿ, ತೀರ್ವೆ, ಗೇಣಿ, ಮಗಳ ಮದುವೆ, ದೈವದ ಕೋಲ, ಕೋರ್ಟಿನ ಅಲೆದಾಟ. ವರಮಾನಕ್ಕೂ ವೆಚ್ಚಕ್ಕೂ ನಡುವೆ ಇರುವ ಈ ಕಂದಕವನ್ನು ಸಾಹುಕಾರನ ಸಾಲ ತುಂಬುತ್ತಿತ್ತು. ಮರದಲ್ಲಿರುವ ಫಸಲನ್ನೇ ಮುಂಗಡಕ್ಕೆ ಒಪ್ಪಿಸಿದವನು, ಬೆಲೆ ಏರಿದ ವರ್ಷವೂ ಬಡವನಾಗಿಯೇ ಉಳಿಯುತ್ತಿದ್ದನು. ತೋಟವನ್ನು ನೋಡಿದವರು ಅವನನ್ನು ಧನಿಕನೆಂದೇ ಎಣಿಸಬೇಕು. ಪ್ರೋನೋಟನ್ನು ನೋಡಿದ ವಕೀಲನಿಗೆ ಮಾತ್ರ ನಿಜಸ್ಥಿತಿ ತಿಳಿದೀತು. ಅಂಥ ಪ್ರೋನೋಟುಗಳು, ಅಡವುಪತ್ರಗಳು ವಕೀಲರ ಮೇಜಿನ ಮೇಲೆಯೇ ಬಂದು ಬೀಳುವಂಥವು. ಸಾಲದ ವ್ಯಾಜ್ಯಗಳಿಂದ ವಕೀಲಿ ವೃತ್ತಿಗೆ ಲಾಭವೇ ಹೊರತು ನಷ್ಟವಿಲ್ಲ. ವ್ಯಾಜ್ಯದ ಬೇರನ್ನೇ ಕಡಿಯುವ ಕೆಲಸಕ್ಕೆ ವಕೀಲರೊಬ್ಬರು ಕೈಹಾಕಿದರೆಂಬುದನ್ನು ಗಮನಿಸಬೇಕು.

ಅಷ್ಟರಲ್ಲಿ ದೇಶದಲ್ಲಿ ಹೊಸ ಗಾಳಿ ಬೀಸತೊಡಗಿತ್ತು. ಜರ್ಮನಿಯಲ್ಲಿ ರೈಫಿಸನ್ ಎಂಬ ಮಹನೀಯನು ಕಟ್ಟಿದ್ದ ಗ್ರಾಮ ಸಾಲ ಸಂಘಗಳನ್ನು ಅಧ್ಯಯನ ಮಾಡಿ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿ ಮದ್ರಾಸು ಸರಕಾರಕ್ಕೆ ವರದಿ ಒಪ್ಪಿಸಿದ್ದನು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾನೂನು ಜಾರಿಗೆ ಬಂದಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿ ಕನ್ನಡ ನಾಡಿಗೆ ದಾರಿ ತೋರಿದರು. ಮುಂಬಯಿ ಪ್ರಾಂತ್ಯದ ಆ ಬಯಲುಸೀಮೆಯ ಗೌಡರಿಗೂ ಮದ್ರಾಸು ಪ್ರಾಂತ್ಯದ ಈ ಕರಾವಳಿಯ ವಕೀಲರಿಗೂ ಸರಕಾರಗಳು ಬೇರೆ, ಬೆಳೆಗಳು ಬೇರೆ. ರೈತನ ಸಾಲವೊಂದು ಮಾತ್ರ ಒಂದೇ. 1909ರಲ್ಲಿ ಶಿವರಾಯರ ನೇತೃತ್ವದಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಾಲ ಸಂಘ ಆರಂಭವಾಯಿತು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ.

ಆ ಕಾಲದ ಗ್ರಾಮ ಸಂಘಗಳ ಕಟ್ಟುಪಾಡುಗಳನ್ನು ಇಂದು ನೆನೆದರೆ ಸೋಜಿಗವಾಗುತ್ತದೆ. ಸದಸ್ಯರ ಹೊಣೆಗಾರಿಕೆಗೆ ಮಿತಿಯೇ ಇರಲಿಲ್ಲ. ಒಬ್ಬನು ಸಾಲ ತೀರಿಸದೆ ಸಂಘ ಮುಳುಗಿದರೆ ಉಳಿದವರ ಆಸ್ತಿಯೂ ಅದಕ್ಕೆ ಬಾಧ್ಯ. ಆದುದರಿಂದ ನೆರೆಯವನು ಸಾಲ ಕೇಳಿದಾಗ ಅವನ ತೋಟದ ಸ್ಥಿತಿಯನ್ನಷ್ಟೇ ಅಲ್ಲ, ಅವನ ಮನೆಯ ಖರ್ಚಿನ ರೀತಿಯನ್ನೂ ವಿಚಾರಿಸುವ ಹಕ್ಕು ಉಳಿದವರಿಗೆ ಬಂದಿತು. ಮಿತವ್ಯಯವೆಂಬುದು ಒಬ್ಬೊಬ್ಬರ ಸ್ವಭಾವದ ಮಾತಾಗಿರದೆ ಊರಿನ ಮಾತಾಯಿತು. ಇದರಲ್ಲಿ ಸಂಕೋಚವೂ ಇತ್ತು, ಜಗಳವೂ ಇತ್ತು. ಮಾನವಂತನಾದ ಗೃಹಸ್ಥನಿಗೆ ನಾಲ್ವರ ಮುಂದೆ ಸಾಲ ಕೇಳುವುದಕ್ಕಿಂತ ಸಾಹುಕಾರನ ಚಾವಡಿಯಲ್ಲಿ ಗುಟ್ಟಾಗಿ ಹೆಚ್ಚು ಬಡ್ಡಿಗೆ ತರುವುದೇ ಹಿತವೆನಿಸಿದರೆ ಆಶ್ಚರ್ಯವಿಲ್ಲ. ಈ ಅಳುಕನ್ನು ಬಿಡಿಸುವುದಕ್ಕೆ ಸರಕಾರದ ಸುತ್ತೋಲೆ ಸಾಲದು. ಜನರು ನಂಬುವ ಮನುಷ್ಯನೇ ಬೇಕಾಗುತ್ತದೆ. ಮೋಟಾರು ಹೋಗದ ಹಳ್ಳಿಗಳ ಆ ದಿನಗಳಲ್ಲಿ ಸಂಘಗಳನ್ನು ಊರೂರಿಗೆ ಮುಟ್ಟಿಸಿದುದು ಶಿವರಾಯರು ಗಳಿಸಿದ್ದ ಆ ನಂಬಿಕೆ.

ಸಾಲ ಯಾವುದಕ್ಕೆ ಎಂಬುದು ಇನ್ನೂ ತೊಡಕಿನ ಪ್ರಶ್ನೆ. ಸಹಕಾರ ತತ್ತ್ವದ ಪ್ರಕಾರ ಉತ್ಪತ್ತಿಯನ್ನು ಹೆಚ್ಚಿಸುವ ಕಾರ್ಯಕ್ಕೆ ಸಾಲ ಕೊಡಬೇಕು. ಗೊಬ್ಬರಕ್ಕೆ, ಎತ್ತಿಗೆ, ಬಾವಿಗೆ. ಆದರೆ ಮದುವೆಗೆಂದು ಬಂದವನನ್ನು ಬರಿಗೈಯಲ್ಲಿ ಕಳುಹಿಸಿದರೆ ಮದುವೆ ನಿಲ್ಲುವುದಿಲ್ಲ. ಅವನು ಸಾಹುಕಾರನ ಬಾಗಿಲಿಗೆ ಹೋಗುತ್ತಾನೆ, ಮರುವರ್ಷದ ಅಡಿಕೆ ಅಲ್ಲಿಗೆ ಹೋಗುತ್ತದೆ, ಸಂಘದ ಹಳೆಯ ಬಾಕಿಯೂ ಮುಳುಗುತ್ತದೆ. ಸಂಪೂರ್ಣ ನಿಷೇಧ ಮಾಡಿದ ಸಂಘ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಕೇಳಿದಷ್ಟು ಕೊಟ್ಟ ಸಂಘವೂ ಬಾಳದು. ಉಳಿತಾಯಕ್ಕೂ ವೆಚ್ಚಕ್ಕೂ ನಡುವಣ ಗೆರೆಯನ್ನು ಯಾವ ಪುಸ್ತಕವೂ ಎಳೆದುಕೊಡುವುದಿಲ್ಲ. ಮನೆಮನೆಯನ್ನೂ ಬಲ್ಲ ಪಂಚಾಯತರು ಪ್ರತಿಸಲವೂ ಕುಳಿತು ಎಳೆಯಬೇಕಾದ ಗೆರೆ ಅದು.

1904ರ ಕಾನೂನಿನಲ್ಲಿ ಒಂದು ಕೊರತೆಯಿತ್ತು. ಬಿಡಿ ಸಂಘಗಳಿಗೆ ಹಣ ಒದಗಿಸುವ ಕೇಂದ್ರ ಬ್ಯಾಂಕುಗಳಿಗೆ ಅದರಲ್ಲಿ ಎಡೆಯಿರಲಿಲ್ಲ. 1912ರ ಹೊಸ ಕಾನೂನು ಈ ಬಾಗಿಲನ್ನು ತೆರೆಯಿತು. ಎರಡೇ ವರ್ಷಗಳಲ್ಲಿ, 1914ರಲ್ಲಿ, ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಶಿವರಾಯರ ಪ್ರಯತ್ನದಿಂದ ಸ್ಥಾಪಿತವಾಯಿತು. ಜಿಲ್ಲೆಯ ಕೇಂದ್ರವಾದ ಮಂಗಳೂರನ್ನು ಬಿಟ್ಟು ಪುತ್ತೂರಿನಲ್ಲಿಯೇ ಅದು ಮೊದಲು ಕಣ್ದೆರೆಯಿತೆಂಬುದು ಆ ಸೀಮೆಯವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ಪ್ರಧಾನ ಕಛೇರಿ ಮಂಗಳೂರಿಗೆ ಹೋದುದು ಮುಂದಿನ ಮಾತು.

ಇದರ ಕಾರ್ಯರೀತಿ ಸರಳವಾದುದು. ಪೇಟೆಯ ಸಂಬಳಗಾರನು ಉಳಿಸಿದ ಹಣವೂ, ಫಸಲು ಮಾರಿದ ಹಳ್ಳಿಗನ ಹಣವೂ ಠೇವಣಿಯಾಗಿ ಕೇಂದ್ರ ಬ್ಯಾಂಕಿಗೆ ಬರುತ್ತದೆ. ಅಲ್ಲಿಂದ ಹಳ್ಳಿಯ ಸಂಘಕ್ಕೆ, ಸಂಘದಿಂದ ಮಳೆಗಾಲದಲ್ಲಿ ಕೈ ಬರಿದಾದ ರೈತನಿಗೆ. ಒಬ್ಬನ ಸುಗ್ಗಿ ಇನ್ನೊಬ್ಬನ ಆಷಾಢಕ್ಕೆ ಒದಗುತ್ತದೆ. ಇದು ದಾನವಲ್ಲ, ಪಡೆದವನು ಬಡ್ಡಿಸಹಿತ ತೀರಿಸಬೇಕು. ಸಾಹುಕಾರಿಯೂ ಅಲ್ಲ, ಬಂದ ಲಾಭ ಒಬ್ಬನ ಪೆಟ್ಟಿಗೆಗೆ ಸೇರುವುದಿಲ್ಲ. ದಾಸೋಹದ ಪರಂಪರೆಯನ್ನು ಬಲ್ಲವರಿಗೆ ಇವೆರಡರ ನಡುವಣ ಈ ಮೂರನೆಯ ದಾರಿ ಮೊದಮೊದಲು ತುಸು ಒರಟಾಗಿ ಕಾಣಬಹುದು. ಆದರೆ ಕೈಯೊಡ್ಡದೆ ಬಾಳಬೇಕೆನ್ನುವ ಬಡವನಿಗೆ ಅದರಿಂದ ದೊರೆತ ಮರ್ಯಾದೆ ಅಲ್ಪವಲ್ಲ. ಲಾಭದ ವಿನಿಯೋಗವನ್ನೂ ಕಾನೂನು ಗೊತ್ತುಪಡಿಸಿತ್ತು. ನಿವ್ವಳ ಲಾಭದ ನಾಲ್ಕನೆಯ ಒಂದು ಪಾಲು ಆಪದ್ಧನಕ್ಕೆ ಹೋಗಬೇಕು. ಉಳಿದುದರಲ್ಲಿ ಶೇಕಡಾ 10ರವರೆಗೆ ವಿದ್ಯೆ ಮೊದಲಾದ ಧರ್ಮಕಾರ್ಯಗಳಿಗೆ ಅನುಮತಿ ಪಡೆದು ಕೊಡಬಹುದು. ಮೊದಲು ಆಪತ್ಕಾಲಕ್ಕೆ, ಆಮೇಲೆ ಧರ್ಮಕ್ಕೆ ಎಂಬ ಈ ಅನುಕ್ರಮ ಗೃಹಸ್ಥರಿಗೂ ಒಪ್ಪುವಂಥದು.

ಅದೇ ದಶಕಗಳಲ್ಲಿ ಈ ಜಿಲ್ಲೆ ಬ್ಯಾಂಕುಗಳ ತೊಟ್ಟಿಲಾಗುತ್ತಿತ್ತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರಿಂದ ಕೆನರಾ ಬ್ಯಾಂಕು ಹುಟ್ಟಿತ್ತು. ಉಡುಪಿಯಲ್ಲಿ 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿನಲ್ಲಿಯೇ ಸಂಗ್ರಹಿಸುತ್ತಿದ್ದರು. ಎರಡಾಣೆಯೂ ಕೂಡಿದರೆ ಬಂಡವಾಳವಾಗುತ್ತದೆಂದು ಪೇಟೆ ಕಲಿಯುತ್ತಿದ್ದ ಕಾಲದಲ್ಲಿ, ಆ ಬಂಡವಾಳ ಗುಡ್ಡ ಹತ್ತಿ ತೋಟಕ್ಕೂ ಹೋಗಬೇಕೆಂಬುದು ಶಿವರಾಯರ ಹಾದಿಯಾಗಿತ್ತು.

ಈ ಹಾದಿಗೆ ಮಿತಿಗಳು ಇರಲಿಲ್ಲವೆಂದರೆ ಅತಿಶಯೋಕ್ತಿಯಾದೀತು. ಸಾಲಕ್ಕೆ ಭೂಮಿಯೇ ಆಧಾರವಾಗಿದ್ದ ದಿನಗಳಲ್ಲಿ, ವರ್ಷವರ್ಷವೂ ಒಕ್ಕಲೆಬ್ಬಿಸಬಹುದಾಗಿದ್ದ ಚಾಲಗೇಣಿಯವನಿಗೆ ಅಡವಿಡಲು ಏನಿತ್ತು? ಭೂಮಿಯುಳ್ಳವನ ಸಂಕಟಕ್ಕೆ ಸಂಘ ಬೇಗ ಒದಗಿತು. ಇಲ್ಲದವನ ಸಂಕಟಕ್ಕೆ ತಡವಾಗಿ ಒದಗಿತು. ಗೇಣಿದಾರನಿಗೆ ಭೂಮಿಯ ಹಕ್ಕು ದೊರೆತುದು 1974ರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದ ಮೇಲೆ. ಅದನ್ನು ಕಾಣಲು ಶಿವರಾಯರು ಇರಲಿಲ್ಲ. ಮೂವತ್ತರ ದಶಕದ ಆರ್ಥಿಕ ಕುಸಿತ ಇನ್ನೊಂದು ಪರೀಕ್ಷೆ. ಫಸಲಿನ ಬೆಲೆ ಬಿದ್ದರೂ ಸಾಲದ ಅಂಕಿ ಇಳಿಯದು; ಬೇಸಾಯಗಾರರ ಹಳೆಯ ಸಾಲಗಳನ್ನು ಇಳಿಸುವುದಕ್ಕೆ 1938ರಲ್ಲಿ ಮದ್ರಾಸು ಸರಕಾರ ಕಾನೂನನ್ನೇ ತರಬೇಕಾಯಿತು. ಉಳಿತಾಯದ ಬುದ್ಧಿಯೊಂದರಿಂದಲೇ ರೈತ ಬದುಕಿಕೊಳ್ಳಲಾರನೆಂಬುದನ್ನು ಆ ವರ್ಷಗಳು ಎಲ್ಲರಿಗೂ ಕಲಿಸಿದುವು.

ಶಿವರಾಯರು ಲೆಕ್ಕದ ಪುಸ್ತಕದಿಂದ ತಲೆಯೆತ್ತದ ಜಿಪುಣರಾಗಿರಲಿಲ್ಲ. ಪುತ್ತೂರು ಸೀಮೆಯ ಶಾಲೆಗಳಿಗಾಗಿ, ಕೊಂಬೆಟ್ಟಿನ ಹೈಸ್ಕೂಲಿಗಾಗಿ ಅವರು ದುಡಿದುದನ್ನು ಅಲ್ಲಿನ ಹಿರಿಯರು ಕೃತಜ್ಞತೆಯಿಂದ ಸ್ಮರಿಸುತ್ತ ಬಂದಿದ್ದಾರೆ. ಕೋಟದಿಂದ ಬಂದು ಪುತ್ತೂರಿನಲ್ಲಿ ಸುಮಾರು ನಾಲ್ಕು ದಶಕ ನೆಲೆಸಿದ ಶಿವರಾಮ ಕಾರಂತರಿಗೂ ಅವರ ಬೆಂಬಲ ದೊರೆಯಿತು. ನಾಟಕ, ನೃತ್ಯ, ಮಕ್ಕಳ ಶಿಕ್ಷಣ ಎಂದು ಹೊಸ ಹೊಸ ಪ್ರಯೋಗಗಳಲ್ಲಿ ಕೈ ಸುಟ್ಟುಕೊಳ್ಳಲು ಅಂಜದ ಕಾರಂತರೆಲ್ಲಿ, ಜಾಮೀನಿಲ್ಲದೆ ಸಾಲ ಕೊಡಬಾರದೆಂಬ ಸಂಘಗಳನ್ನು ಕಟ್ಟಿದ ಶಿವರಾಯರೆಲ್ಲಿ! ಆದರೂ ಪುತ್ತೂರಿನ ದಸರಾ ನಾಡಹಬ್ಬ ಇವರಿಬ್ಬರೂ ಕೂಡಿ ನಿಂತುದರಿಂದ ನಡೆಯಿತು. ನಾಡಿನ ಸಾಹಿತಿಗಳು, ಕಲಾವಿದರು ಆ ಸಣ್ಣ ಊರಿಗೆ ಬಂದರು. ಒಂದು ಹಾಡಿಗೆ, ಒಂದು ಭಾಷಣಕ್ಕೆ ವ್ಯಯವಾದ ಹಣ ಯಾವ ಖಾತೆಯಲ್ಲಿಯೂ ಹಿಂದಿರುಗಿ ಬರುವುದಿಲ್ಲ. ಅಂಥ ವೆಚ್ಚದ ಪಕ್ಷದಲ್ಲಿ ಅವರು ನಿಂತುದು ಅವರ ಮಿತವ್ಯಯದ ಅರ್ಥವನ್ನು ತಿಳಿಯಲು ನೆರವಾಗುತ್ತದೆ. ಸಾಹುಕಾರನ ಬಡ್ಡಿಗೆ ಹೋಗುವ ರೂಪಾಯಿಯನ್ನು ತಡೆಯಬೇಕೆಂದದ್ದು ಶಾಲೆಗೆ, ಹಬ್ಬಕ್ಕೆ, ಊಟದ ಎಲೆಗೆ ಅದು ಉಳಿಯಲೆಂದು.

ಜಿಲ್ಲೆಯ ಜನ ಅವರನ್ನು ಸಹಕಾರಿ ಪಿತಾಮಹರೆಂದು ಕರೆದರು. 1967ರಲ್ಲಿ ಅವರು ಕಾಲವಾದರು. ಆರು ವರ್ಷಗಳ ಬಳಿಕ, ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಸಂಸ್ಥೆ ಹುಟ್ಟಿತು. ಸಾಲದಲ್ಲಿ ಸಹಕಾರವನ್ನು ಕಲಿತಿದ್ದ ಸೀಮೆ ಮಾರಾಟದಲ್ಲಿಯೂ ಅದನ್ನು ಕಲಿಯಿತು. ಆ ಸಂಸ್ಥೆಯ ಚಾಕಲೇಟು ಕಾರ್ಖಾನೆ 1986ರಲ್ಲಿ ಪುತ್ತೂರಿನಲ್ಲಿಯೇ ಆರಂಭವಾಯಿತು. ಶಿವರಾಯರು ಕಟ್ಟಿದ ಕೇಂದ್ರ ಬ್ಯಾಂಕಿಗೆ 2014ರಲ್ಲಿ ನೂರು ತುಂಬಿತು. ಪುತ್ತೂರು, ಸುಳ್ಯ, ಕಡಬಗಳ ಹಳ್ಳಿಗಳಲ್ಲಿ ಮುಂಗಾರಿಗೆ ಮೊದಲು ಮೈಲುತುತ್ತು ಸುಣ್ಣಗಳ ಖರ್ಚಿಗೆಂದು ಬೆಳೆಗಾರನು ಮೆಟ್ಟಿಲು ಹತ್ತುವುದು ಊರಿನ ಸಹಕಾರಿ ಸಂಘದ ಕಛೇರಿಯದು.