ಲಾವಣಿಗಳನ್ನು ಕಾಪಿಟ್ಟ ವಾಲ್ಟರ್ ಸ್ಕಾಟ್

ವಾಲ್ಟರ್ ಸ್ಕಾಟ್ ಜನಿಸಿದ್ದು 1771ರ ಆಗಸ್ಟ್ 15ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಶೈಶವದಲ್ಲೇ ಪೋಲಿಯೋ ತಗುಲಿ ಬಲಗಾಲು ಊನವಾಯಿತು. ಆರೈಕೆಗೆಂದು ಗಡಿನಾಡಿನ ಅಜ್ಜನ ಮನೆ ಸೇರಿದ ಬಾಲಕ, ಕಾಳಗ, ಗೋಗ್ರಹಣಗಳ ಲಾವಣಿ ಕೇಳುತ್ತ ಬೆಳೆದ.

ಮುಂದೆ ವಕೀಲನಾದ ಸ್ಕಾಟ್, ಊರೂರು ಅಲೆದು ಆ ಹಾಡುಗಳನ್ನು ಸಂಗ್ರಹಿಸಿದ. 1802ರಲ್ಲಿ ಎರಡು ಸಂಪುಟಗಳೂ ಮರುವರ್ಷ ಮೂರನೆಯದೂ ಪ್ರಕಟವಾದವು. ಅವನಿಗೆ ಹಾಡಿ ತೋರಿಸಿದ್ದ, ಕವಿ ಜೇಮ್ಸ್ ಹಾಗ್‌ನ ತಾಯಿ ಮಾತ್ರ ನೊಂದಳು. ಹಾಡಲೆಂದು ಹುಟ್ಟಿದ್ದನ್ನು ಅಚ್ಚು ಹಾಕಿಸಿ ಕೆಡಿಸಿದನೆಂಬುದು ಆಕೆಯ ದೂರು. ಸ್ಕಾಟ್ ಸಾಲುಗಳನ್ನು ತಿದ್ದಿದ್ದೂ ನಿಜ.

1808ರಲ್ಲಿ ಬಂದ ಅವನ ‘ಮಾರ್ಮಿಯನ್’ ಕಾವ್ಯ ಮುಗಿಯುವುದು ಗೆಲುವಿನಲ್ಲಲ್ಲ. ದೊರೆ ನಾಲ್ಕನೇ ಜೇಮ್ಸ್ ಮಡಿದ 1513ರ ಫ್ಲಾಡನ್ ಕದನದಲ್ಲಿ. ಸೋಲನ್ನೂ ಹಾಡಾಗಿ ಕಾಯುವುದನ್ನು ಅವನಿಗೆ ಕಲಿಸಿದ್ದು ಲಾವಣಿಗಳೇ. 1832ರ ಸೆಪ್ಟೆಂಬರ್ 21ರಂದು ಸ್ಕಾಟ್ ನಿಧನನಾದ. ಆ ತಾಯಿಯ ದೂರು ಸುಳ್ಳಲ್ಲ. ಅಚ್ಚಾಗಿದ್ದರಿಂದಲೇ ಹಲವು ಹಾಡುಗಳು ಉಳಿದದ್ದೂ ಸುಳ್ಳಲ್ಲ.