ಕಾರಿನ ತಂಪಿನ ಹಿಂದಿನ ಮನುಷ್ಯ ಥಾಮಸ್ ಮಿಜ್ಲಿ

ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸಂತೆಮರಹಳ್ಳಿ ಸಿಗುತ್ತದೆ. ಬಿಳಿಗಿರಿರಂಗನ ಬೆಟ್ಟಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೊರಟ ಕಾರಿನ ಏಸಿ ಏಪ್ರಿಲ್ ಬಿಸಿಲಿನಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ಬಿಸಿಗಾಳಿ ಊದತೊಡಗಿತೆನ್ನಿ. ಯಾವ ಊರಿನ ಗ್ಯಾರೇಜಿಗೆ ಹೋದರೂ ಮೊದಲು ಕೇಳಿಬರುವ ಮಾತು ಗ್ಯಾಸ್ ಖಾಲಿಯಾಗಿದೆ ಎಂಬುದೇ. ವಾಸ್ತವದಲ್ಲಿ ಅದು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ದ್ರವವಾಗಿ, ಮತ್ತೆ ಅನಿಲವಾಗಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯಲ್ಲಿ ಥಾಮಸ್ ಮಿಜ್ಲಿ ಎಂಬ ಅಮೆರಿಕನ್ ಎಂಜಿನಿಯರನ ಬದುಕಿನ ಕಥೆ ಅಡಗಿದೆ.

ಮಿಜ್ಲಿ ಹುಟ್ಟಿದ್ದು 1889ರ ಮೇ 18ರಂದು, ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್‌ನಲ್ಲಿ. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಅವರು 1916ರಲ್ಲಿ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಅವರಿಗೆ ವಹಿಸಿದ್ದು ಒಂದು ರೋಗನಿದಾನದ ಕೆಲಸ. ಏರು ಹತ್ತುವಾಗ ಎಂಜಿನ್ ಬಡಿದುಕೊಳ್ಳುವುದೇಕೆ? ತಪ್ಪು ಇರುವುದು ಇಂಧನದಲ್ಲಿ ಎಂದು ಕಂಡುಕೊಂಡ ಮಿಜ್ಲಿ ಮದ್ದಿಗಾಗಿ ಅಸಂಖ್ಯ ರಾಸಾಯನಿಕಗಳನ್ನು ಪರೀಕ್ಷಿಸಿದರು. 1921ರ ಡಿಸೆಂಬರಿನಲ್ಲಿ ಟೆಟ್ರಾಈಥೈಲ್ ಸೀಸ ದೊರಕಿತು.

ಸೀಸ ವಿಷವೆಂಬುದು ಆ ಕಾಲಕ್ಕೇನೂ ಹೊಸ ಸಂಗತಿಯಾಗಿರಲಿಲ್ಲ. ಸ್ವತಃ ಮಿಜ್ಲಿ ಅದರ ಬಾಧೆಗೆ ಸಿಲುಕಿ 1923ರಲ್ಲಿ ರಜೆಯ ಮೇಲೆ ಹೋಗಬೇಕಾಯಿತು. ಆದರೂ 1924ರಲ್ಲಿ, ನ್ಯೂಜೆರ್ಸಿಯ ಘಟಕವೊಂದರಲ್ಲಿ ಕಾರ್ಮಿಕರು ಇದೇ ವಿಷದಿಂದ ಸತ್ತ ಸಂದರ್ಭದಲ್ಲಿ, ಪತ್ರಕರ್ತರ ಮುಂದೆ ಅದನ್ನು ಕೈಗೆ ಸುರಿದುಕೊಂಡು, ಒಂದು ನಿಮಿಷ ಅದರ ಆವಿಯನ್ನು ಸೇವಿಸಿ ತೋರಿಸಿದರು. ಮದ್ಯಸಾರವೂ ಎಂಜಿನ್ ಬಡಿತವನ್ನು ತಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಈ ಅಧ್ಯಾಯದಲ್ಲಿ ಅವರನ್ನು ಕ್ಷಮಿಸುವುದು ಕಷ್ಟ.

ಎರಡನೆಯ ಅಧ್ಯಾಯ ಬೇರೆಯೇ. ಆಗಿನ ರೆಫ್ರಿಜರೇಟರುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ನಂತಹ ಅನಿಲಗಳಿದ್ದವು. ಕೊಳವೆ ಸೋರಿದರೆ ಮನೆಯವರ ಪ್ರಾಣಕ್ಕೇ ಸಂಚಕಾರ. ವಿಷವಲ್ಲದ, ಹೊತ್ತಿಕೊಳ್ಳದ ಅನಿಲ ಬೇಕೆಂದು 1928ರಲ್ಲಿ ಕೆಟರಿಂಗ್ ಕೇಳಿದರು. ಆಲ್ಬರ್ಟ್ ಹೆನ್ ಮತ್ತು ರಾಬರ್ಟ್ ಮ್ಯಾಕ್‌ನರಿ ಅವರೊಡನೆ ಕುಳಿತ ಮಿಜ್ಲಿ ಮೂಲಧಾತುಗಳ ಆವರ್ತ ಕೋಷ್ಟಕವನ್ನೇ ದಾರಿದೀಪವಾಗಿಸಿಕೊಂಡು ಫ್ಲೋರಿನ್‌ನತ್ತ ಹೊರಳಿದರು. ಮೂರು ದಿನಗಳಲ್ಲಿ ಡೈಕ್ಲೋರೋಡೈಫ್ಲೋರೋಮೀಥೇನ್ ಸಿದ್ಧವಾಯಿತು. ಗ್ಯಾರೇಜುಗಳಲ್ಲಿ ಮುಂದೆ ಆರ್-12 ಎನಿಸಿದ ಫ್ರಿಯಾನ್ ಇದೇ.

ಅದೃಷ್ಟದ ಪಾಲೂ ಇಲ್ಲಿ ದೊಡ್ಡದು. ತಯಾರಿಕೆಗೆ ಬೇಕಾದ ಆಂಟಿಮನಿ ಟ್ರೈಫ್ಲೋರೈಡಿನ ಐದು ಸಣ್ಣ ಸೀಸೆಗಳನ್ನು ತರಿಸಲಾಗಿತ್ತು. ಕೈಗೆ ಸಿಕ್ಕ ಮೊದಲ ಸೀಸೆಯಿಂದ ತಯಾರಿಸಿದ ಅನಿಲವನ್ನು ಉಸಿರಾಡಿದ ಗಿನಿಪಿಗ್ ಬದುಕಿತು. ಎರಡನೆಯ ಸೀಸೆಯಿಂದ ತಯಾರಿಸಿದ್ದಕ್ಕೆ ಗಿನಿಪಿಗ್ ಸತ್ತಿತು. ಸೀಸೆಯಲ್ಲಿದ್ದ ಕಲ್ಮಶದಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಿಕೊಂಡಿತ್ತು. ಅದೇ ಸೀಸೆ ಮೊದಲು ಕೈಗೆ ಸಿಕ್ಕಿದ್ದರೆ ಪ್ರಯತ್ನವನ್ನೇ ಕೈಬಿಡುತ್ತಿದ್ದರೇನೋ. 1930ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಮಿಜ್ಲಿ ಆ ಅನಿಲವನ್ನು ಎದೆತುಂಬ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಆರಿಸಿದರು. ಮತ್ತೆ ಅದೇ ಬಗೆಯ ಪ್ರದರ್ಶನ. ಆದರೆ ಈ ಬಾರಿ ಅವರು ತೋರಿಸಿದ್ದು ನಿಜ.

1940ರ ಮಾದರಿಯ ಪ್ಯಾಕರ್ಡ್ ಕಾರುಗಳಿಗೆ ಕಾರ್ಖಾನೆಯಲ್ಲೇ ಏಸಿ ಅಳವಡಿಸುವ ಸೌಲಭ್ಯ ಬಂತು. ಅದರ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಬೇಡವೆನಿಸಿದರೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ ಬೆಲ್ಟ್ ಕಳಚಬೇಕಿತ್ತು! ಅದೇ 1940ರಲ್ಲಿ ಮಿಜ್ಲಿ ಅವರಿಗೆ ಪೋಲಿಯೊ ತಗುಲಿತು. ಹಾಸಿಗೆಯಿಂದ ಏಳಲು ತಾವೇ ಹಗ್ಗ ಮತ್ತು ರಾಟೆಗಳ ಸಾಧನವೊಂದನ್ನು ರೂಪಿಸಿಕೊಂಡರು. 1944ರ ನವೆಂಬರ್ 2ರಂದು ಅದೇ ಹಗ್ಗಗಳಲ್ಲಿ ಉಸಿರುಗಟ್ಟಿ ತೀರಿಕೊಂಡರು. ಅದು ಆಕಸ್ಮಿಕವಲ್ಲ, ಆತ್ಮಹತ್ಯೆ ಎಂಬ ಮಾತೂ ಇದೆ. ಆಗ ಅವರ ವಯಸ್ಸು 55. ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷ ಪದವಿಯಲ್ಲಿದ್ದರು.

ಯಾವುದರೊಡನೆಯೂ ಸುಲಭವಾಗಿ ಬೆರೆಯದಿರುವುದು ಅವರ ಅನಿಲದ ಹೆಗ್ಗಳಿಕೆಯಾಗಿತ್ತು. ಆ ಗುಣವೇ ಮುಳುವಾಯಿತು. ಸೋರಿದ್ದು ಕರಗದೆ, ಕೊಳೆಯದೆ ದಶಕಗಟ್ಟಲೆ ಉಳಿದು ಮೇಲೇರಿ, ಅತಿನೇರಳೆ ಕಿರಣಕ್ಕೆ ಸಿಕ್ಕಿ ಕ್ಲೋರಿನ್ ಬಿಡುತ್ತದೆ, ಆ ಕ್ಲೋರಿನ್ ಓಜೋನ್ ಪದರವನ್ನು ನಾಶಪಡಿಸುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ ವಿವರಿಸಿದ್ದು 1974ರಲ್ಲಿ. ಮಿಜ್ಲಿ ಸತ್ತು ಮೂವತ್ತು ವರ್ಷಗಳ ನಂತರ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. 2000ದ ಫೆಬ್ರುವರಿಯಿಂದ ನಮ್ಮ ಬಂಕುಗಳಲ್ಲಿ ಸೀಸದ ಪೆಟ್ರೋಲ್ ಇಲ್ಲವಾಯಿತು. 2008ರಲ್ಲಿ ಇಲ್ಲಿನ ಸಿಎಫ್‌ಸಿ ಉತ್ಪಾದನೆಯೂ, ಅಸ್ತಮಾ ಇನ್ಹೇಲರಿನ ಅಲ್ಪ ವಿನಾಯಿತಿ ಬಿಟ್ಟರೆ, ನಿಂತಿತು.

ಕಾರುಗಳಿಗೆ ಅದರ ಜಾಗದಲ್ಲಿ ಬಂದ ಆರ್-134ಎ ಓಜೋನನ್ನು ಮುಟ್ಟದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲಶಾಲಿ. ಹಾಗಾಗಿ ಬರೀ ಗ್ಯಾಸ್ ತುಂಬಿಸಿಕೊಂಡು ಹೊರಟರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಪಾಡು, ಜೊತೆಗೆ ಗಾಳಿಗೂ ಹೊರೆ. ಕಂಪ್ರೆಸರಿನ ಎಣ್ಣೆಯೂ ಗ್ಯಾಸಿನೊಡನೆ ಸುತ್ತುವುದರಿಂದ ಸೋರುವ ಜಾಯಿಂಟಿನ ಸುತ್ತ ದೂಳು ಮೆತ್ತಿದ ಎಣ್ಣೆಕಲೆ ಕಾಣುತ್ತದೆ. ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಅದಕ್ಕೂ ಸಿಗದ ಸಣ್ಣ ಸೋರಿಕೆಗೆ ಹೊಳೆಯುವ ಬಣ್ಣ ಮತ್ತು ನೇರಳಾತೀತ ದೀಪವಿದೆ. ಸೋರಿಕೆ ಮುಚ್ಚಿ, ಕೊಳವೆಗಳಲ್ಲಿನ ಗಾಳಿ ಮತ್ತು ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ಹೊರಗೆಳೆದ ಮೇಲೆಯೇ ಹೊಸ ಗ್ಯಾಸ್ ತೂಕ ಹಾಕಿ ತುಂಬಬೇಕು. ಹಳೆಯ ಆರ್-12 ಕಾರಿಗೆ ಹೊಸ ಗ್ಯಾಸನ್ನು ಹಾಗೆಯೇ ತುಂಬುವಂತಿಲ್ಲ, ಎರಡಕ್ಕೂ ಬೇಕಾದ ಎಣ್ಣೆಯೇ ಬೇರೆ. ಮರೆತು ಬೆರೆಸದಿರಲೆಂದು ಆರ್-134ಎ ತುಂಬುವ ಬಾಯಿಯ ಆಕಾರವನ್ನೇ ಬದಲಿಸಲಾಗಿದೆ; ಹಳೆಯ ಪೈಪು ಅದಕ್ಕೆ ಕೂರುವುದಿಲ್ಲ.