ಮೇಡಂ ಕ್ಯೂರಿಯ ಚರಿತ್ರೆ

ಚರ್ಮವನ್ನು ಕೊಯ್ಯದೆ ಮೈಯೊಳಗಿನ ಎಲುಬನ್ನು ಕಾಣುವ ಉಪಾಯವು 1895ರಲ್ಲಿ ರಾಂಟ್‌ಜನ್ ಎಂಬ ಜರ್ಮನ್ ಪಂಡಿತನಿಂದ ಲೋಕಕ್ಕೆ ದೊರೆಯಿತು. ಆ ಕ್ಷ-ಕಿರಣಗಳ ಯಂತ್ರವನ್ನು ನಡೆಸುವ ವಿದ್ಯೆಯನ್ನು ಯುದ್ಧಕಾಲದಲ್ಲಿ ಸ್ತ್ರೀಯರಿಗೆ ಕಲಿಸಿದವಳು ಮೇರಿ ಕ್ಯೂರಿ. ಆಕೆಯ ಚರಿತ್ರೆಯು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ತಿಳಿದಿರತಕ್ಕದ್ದು.

ಮೇರಿಯು 1867ನೆಯ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ಪಟ್ಟಣದಲ್ಲಿ ಉಪಾಧ್ಯಾಯರ ಮನೆತನದಲ್ಲಿ ಹುಟ್ಟಿದಳು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಅಕ್ಕನ ವೈದ್ಯವಿದ್ಯೆಗೆ ಹಣ ಕಳುಹಿಸುವ ಸಲುವಾಗಿ ಈಕೆಯು ಕೆಲವು ವರ್ಷ ಪರರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳಿದಳು. 1891ರಲ್ಲಿ ಪ್ಯಾರಿಸಿಗೆ ಹೋಗಿ, ಬಡತನದಲ್ಲಿಯೇ ಓದಿ, ಭೌತಶಾಸ್ತ್ರದಲ್ಲಿಯೂ ಗಣಿತದಲ್ಲಿಯೂ ಪದವಿ ಪಡೆದಳು. 1898ರಲ್ಲಿ ಪತಿ ಪಿಯರನೊಡನೆ ಪೊಲೋನಿಯಂ, ರೇಡಿಯಂ ಎಂಬ ಧಾತುಗಳನ್ನು ಕಂಡುಹಿಡಿದಳು. 1903ರಲ್ಲಿಯೂ 1911ರಲ್ಲಿಯೂ ನೊಬೆಲ್ ಬಹುಮಾನವು ಆಕೆಗೆ ಸಂದಿತು. ಈ ನಡುವೆ, 1906ರಲ್ಲಿ, ಪತಿಯು ಕುದುರೆಗಾಡಿಗೆ ಸಿಕ್ಕಿ ತೀರಿಕೊಂಡನು.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಗಾಯಗೊಂಡ ಸೈನಿಕರ ಮೈಯಲ್ಲಿ ಗುಂಡು ಎಲ್ಲಿದೆಯೆಂದು ತಿಳಿಯಲು ಈಕೆಯು ಕ್ಷ-ಕಿರಣ ಯಂತ್ರಗಳನ್ನು ಮೋಟಾರುಗಾಡಿಗಳಲ್ಲಿರಿಸಿ ರಣಭೂಮಿಯ ಬಳಿಗೆ ಒಯ್ದಳು. ಯಂತ್ರಗಳೇನೋ ದೊರೆತವು, ನಡೆಸಬಲ್ಲವರು ವಿರಳರು. ಆದಕಾರಣ 1916ರಿಂದ ಸುಮಾರು 150 ಮಂದಿ ಸ್ತ್ರೀಯರಿಗೆ ವಿದ್ಯುಚ್ಛಕ್ತಿ, ಕಿರಣಗಳ ಗುಣ, ಶರೀರರಚನೆ, ಯಂತ್ರದ ಬಳಕೆ ಇವುಗಳನ್ನು ಕೆಲವೇ ವಾರಗಳಲ್ಲಿ ಕಲಿಸಿದಳು. ಮಗಳಾದ ಐರೀನಳೂ ಈ ಕೆಲಸದಲ್ಲಿ ಜೊತೆಗಿದ್ದಳು.

ಕಿರಣಗಳ ಕೇಡು ಆ ಕಾಲದಲ್ಲಿ ಚೆನ್ನಾಗಿ ತಿಳಿದಿರಲಿಲ್ಲ. ಬಹುಕಾಲ ಅವುಗಳ ನಡುವೆ ದುಡಿದ ಮೇರಿಯು ರಕ್ತಹೀನತೆಯ ಘೋರ ವ್ಯಾಧಿಯಿಂದ 1934ನೆಯ ಜುಲೈ 4ರಂದು ಮೃತಳಾದಳು.

ಕೆಲವು ವಾರಗಳ ಪಾಠವು ಯುದ್ಧದ ಅವಸರಕ್ಕೆ ಸಾಕಾಯಿತು, ಇಂದಿಗೆ ಸಾಲದು. ಯಂತ್ರದ ಮುಂದೆ ನಿಲ್ಲುವವಳು ರೋಗಿಯನ್ನು ಸರಿಯಾಗಿ ಮಲಗಿಸಬೇಕು, ಬೇಕಾದಷ್ಟೇ ಕಿರಣವನ್ನು ಬಿಡಬೇಕು, ಸ್ತ್ರೀಯು ಗರ್ಭಿಣಿಯೇ ಎಂದು ಮೊದಲೇ ವಿಚಾರಿಸಬೇಕು, ತನ್ನನ್ನೂ ಕಾಪಾಡಿಕೊಳ್ಳಬೇಕು. ಅರಿವು ಬೆಳೆದಂತೆಲ್ಲ ವೃತ್ತಿಯ ಹೊಸ್ತಿಲು ದಾಟಲು ಬೇಕಾದ ಕನಿಷ್ಠ ಯೋಗ್ಯತೆಯೂ ಏರತಕ್ಕದ್ದು. ನಮ್ಮ ದೇಶದಲ್ಲಿ 2021ರ ಕಾಯಿದೆಯು ಕ್ಷ-ಕಿರಣ ವೃತ್ತಿಯನ್ನೂ ಒಳಗೊಂಡ ಇಂಥ ವೃತ್ತಿಗಳಿಗೆ ಮಟ್ಟವನ್ನು ಗೊತ್ತುಪಡಿಸಿದೆ: ಸಹಾಯಕ ವೃತ್ತಿಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ 2,000 ಗಂಟೆಗಳ ಶಿಕ್ಷಣ; ಪದವೀಧರ ವೃತ್ತಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ 3,600 ಗಂಟೆಗಳ ಶಿಕ್ಷಣ.

ರಾಯಚೂರು, ದೇವದುರ್ಗ, ಮಾನ್ವಿಗಳ ತಾಯ್ತಂದೆಗಳೇ, ಮಗಳನ್ನು ಈ ವಿದ್ಯೆಗೆ ಸಂತೋಷದಿಂದ ಕಳುಹಿಸಿರಿ. ಆದರೆ ಆರು ತಿಂಗಳಲ್ಲಿ ಕೆಲಸ ಕೊಡಿಸುವೆವೆಂಬ ಮಾತಿಗೆ ಮರುಳಾಗಿ ಹಣ ಕಟ್ಟಬೇಡಿರಿ. ಶಿಕ್ಷಣವು ಎಷ್ಟು ಗಂಟೆಯದು, ಯಾರ ಮಾನ್ಯತೆ ಪಡೆದದ್ದು, ಆಸ್ಪತ್ರೆಯಲ್ಲಿ ಎಷ್ಟು ಕಾಲ ಕೈಕೆಲಸ ಕಲಿಸುವರು ಎಂದು ಮೊದಲು ಕೇಳಿರಿ. ಅರೆಗಲಿಕೆಯಿಂದ ರೋಗಿಗೂ ಕೇಡು, ಮಗಳಿಗೂ ಕೇಡು. ಮೇರಿಯು ಅರಿಯದೆ ತೆತ್ತ ಬೆಲೆಯನ್ನು ಅರಿತ ನಾವು ನಮ್ಮ ಮಕ್ಕಳಿಂದ ತೆರಿಸಬಾರದು.